ಕೈಯಿಂದ ಕೈಗೆ ಹೋದ ರೊಟ್ಟಿ ಹಂಚು

ನಾನು ಇತಿಹಾಸದ ಅಧ್ಯಾಪಕ. ಇಪ್ಪತ್ತೆರಡು ವರ್ಷಗಳಿಂದ ವಿಜಯಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಹಳೆಯ ವಸ್ತುಗಳ ಬೆಲೆ ಏನೆಂದು ಹೊಸ ಹುಡುಗರಿಗೆ ತಿಳಿಸುತ್ತಾ ಬಂದಿದ್ದೇನೆ. ಒಡೆದ ಮಡಕೆಯ ಒಂದು ಚೂರು ಕೈಗೆ ಕೊಟ್ಟರೆ ಮುಕ್ಕಾಲು ಗಂಟೆ ಮಾತಾಡಬಲ್ಲೆ. ಗಂಟೆ ಹೊಡೆದರೂ ನಿಲ್ಲಿಸುವುದಿಲ್ಲ ಎಂಬ ದೂರೂ ಇದೆ. ಹೀಗಿರುವಾಗ ನಮ್ಮ ವಿದ್ಯಾರ್ಥಿಗಳು ಹಳೆಯ ಸಾಮಾನುಗಳ ಸಂತೆ ಮಾಡುತ್ತೇವೆಂದು ಬಂದರೆ, ಅದಕ್ಕೆ ಮಾರ್ಗದರ್ಶಕನಾಗಲು ನನ್ನಷ್ಟು ಯೋಗ್ಯ ಮನುಷ್ಯ ಜಿಲ್ಲೆಯಲ್ಲೇ ಇಲ್ಲ ಎಂದು ನನಗೆ ಖಾತ್ರಿ ಇತ್ತು. ಈ ವಿಷಯದಲ್ಲಿ ನನ್ನ ಹೆಂಡತಿ ಶಶಿಕಲಾಳ ಅಭಿಪ್ರಾಯ ಈಗ ಬೇರೆಯಾಗಿದೆ.

ಸಂತೆಯ ವಿಚಾರ ಹೊಳೆದದ್ದು ಭಾಗ್ಯಶ್ರೀಗೆ. ಬಿ.ಎ. ಕೊನೆಯ ವರ್ಷದ ಹುಡುಗಿ, ಘೋಣಸಗಿಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಮೊದಲ ಬೆಂಚಿನಲ್ಲಿ ಕೂಡುವವಳು. ನಾಲ್ಕು ಗೆಳತಿಯರನ್ನು ಹಿಂದಿಟ್ಟುಕೊಂಡು ಸ್ಟಾಫ್ ರೂಮಿಗೆ ಬಂದಳು.

"ಸರ್, ಹಾಸ್ಟೆಲ್ಲಿನ ಹಳೇ ಹುಡುಗ್ರು ಖೋಲಿ ಬದಲಿ ಮಾಡುವಾಗ ಬಕೆಟ್ಟು, ಗಾದಿ, ಗೈಡು ಎಲ್ಲಾ ಹಿತ್ತಲದಾಗ ಒಗದ ಹೋಗ್ತಾರ್ರಿ. ಹೊಸದಾಗಿ ಬಂದವ್ರು ಅಂಥಾವನ್ನೇ ಪ್ಯಾಟ್ಯಾಗ ಕೊಂಡ ತರ್ತಾರ್ರಿ. ಅದಕ್ಕ ಬ್ಯಾಡಾದವ್ರು ತಂದ ಇಡ್ಲಿ, ಬೇಕಾದವ್ರು ಒಯ್ಯಲಿ. ನಡಕ ರೊಕ್ಕ ಬ್ಯಾಡ. ಹೆಸರು ಕೈಯಿಂದ ಕೈಗೆ ಸಂತಿ ಅಂತ ಇಟ್ಟೇವ್ರಿ."

ಹುಡುಗಿಯರು ಎಲ್ಲವನ್ನೂ ತಾವೇ ಯೋಚಿಸಿ ಮುಗಿಸಿದ್ದರು. ನಾನು ಮಾಡಬೇಕಾದದ್ದು ಸುಮ್ಮನೆ ಸಹಿ ಮಾಡುವುದು, ಅಷ್ಟೇ. ಆದರೆ ಮಾರ್ಗದರ್ಶಕನೆಂದ ಮೇಲೆ ಮಾರ್ಗ ತೋರಿಸದಿದ್ದರೆ ಹೇಗೆ?

"ಕೊಟ್ಟವ್ರದೂ ತಗೊಂಡವ್ರದೂ ಹೆಸರು ಒಂದ ವಹ್ಯಾಗ ಬರ್ಕೋತೇವ್ರಿ" ಎಂದಳು ಭಾಗ್ಯಶ್ರೀ.

"ಬೇಡ!" ಎಂದೆ. "ತೆಗೆದುಕೊಳ್ಳುವವರ ಹೆಸರು ಬರೆಯುವುದು ಅವರ ಸ್ವಾಭಿಮಾನಕ್ಕೆ ಮಾಡುವ ಅವಮಾನ. ತಗೊಂಡವರು ಯಾರೆಂದು ತಗೊಂಡವರಿಗೆ ಬಿಟ್ಟು ಯಾರಿಗೂ ತಿಳಿಯಬಾರದು."

"ನಾಳೆ ಯಾರರ ಬಂದು ನಮ್ಮ ಸಾಮಾನು ಹೊಳ್ಳಿ ಕೊಡ್ರಿ ಅಂದ್ರ?"

"ಕೊಟ್ಟದ್ದನ್ನು ಹೊಳ್ಳಿ ಕೇಳುವಂಥ ಸಣ್ಣ ಮನುಷ್ಯರು ಈ ಕಾಲೇಜಿನಲ್ಲಿ ಯಾರೂ ಇಲ್ಲ!"

ಹುಡುಗಿಯರು ಚಪ್ಪಾಳೆ ತಟ್ಟಿದರು. ಆ ಹುರುಪಿನಲ್ಲಿ, ಮೊದಲ ಟೇಬಲ್ ನನ್ನದೇ, ಮಾಸ್ತರ ಮನೆಯಿಂದಲೇ ಶುಭಾರಂಭವಾಗಲಿ ಎಂದೂ ಘೋಷಿಸಿಬಿಟ್ಟೆ. ಪ್ರಿನ್ಸಿಪಾಲರ ಕಿವಿಗೂ ಅದು ಬಿತ್ತು. ಆ ಸಣ್ಣ ಮನುಷ್ಯ ಯಾರೆಂದು ಗೊತ್ತಾಗಲು ಇನ್ನೂ ಒಂದು ವಾರವಿತ್ತು.

ಸಂತೆ ಶನಿವಾರ. ಶುಕ್ರವಾರ ಮಧ್ಯಾಹ್ನ ಶಶಿಕಲಾ ಬಬಲೇಶ್ವರಕ್ಕೆ ಹೊರಟಳು. ಅಲ್ಲಿ ಅವಳ ಅಕ್ಕನ ಮನೆ. ಅಕ್ಕನ ಬಸಿರಿ ಸೊಸೆಗೆ ಶನಿವಾರ ಕುಬಸದ ಕಾರ್ಯ. ಹೊರಡುವಾಗ ಬಾಗಿಲಲ್ಲಿ ನಿಂತು ನನಗೆ ಎರಡು ಮಾತು ಹೇಳಿದಳು.

"ಸೋಮವಾರ ಮುಂಜಾನೆ ಖಾನಾವಳಿಯವ್ರಿಗೆ ಮಾದರಿ ರೊಟ್ಟಿ ಕೊಡೂದೈತಿ. ಜ್ವಾಳಾ ಬೀಸಿಸಿಕೊಂಡ ಬಂದ ಇಡ್ರಿ. ಅಡಗಿ ಮನ್ಯಾಗ ಬ್ಯಾರೆ ಏನೂ ಮುಟ್ಟಬ್ಯಾಡ್ರಿ."

ಈ ಖಾನಾವಳಿಯ ವಿಷಯ ಹೇಳದಿದ್ದರೆ ನನ್ನ ಅಪರಾಧದ ಅಳತೆ ನಿಮಗೆ ಸಿಗುವುದಿಲ್ಲ. ಶಶಿಕಲಾ ಮತ್ತು ನಮ್ಮ ಓಣಿಯ ನಾಲ್ವರು ಹೆಣ್ಣುಮಕ್ಕಳು ಸೇರಿ ಒಂದು ಸಂಘ ಕಟ್ಟಿಕೊಂಡು, ಲಗ್ನ ಮುಂಜಿಗಳಿಗೆ ಖಡಕ್ ರೊಟ್ಟಿ ಮಾಡಿಕೊಡುತ್ತಾರೆ. ಸೀಸನ್ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಒಂದು ಲಗ್ನದಲ್ಲಿ ಶಶಿಕಲಾ ಮಾಡಿದ ರೊಟ್ಟಿ ತಿಂದ ದೊಡ್ಡ ಖಾನಾವಳಿಯ ಮಾಲೀಕರು, ಇಂಥದೇ ರೊಟ್ಟಿ ಬೇಕು, ಒಮ್ಮೆ ಮಾದರಿ ತೋರಿಸಿರಿ, ಸರಿಬಂದರೆ ವರ್ಷಪೂರ್ತಿ ದಿನಾ ನಿಮ್ಮಿಂದಲೇ ತಗೊಳ್ಳುತ್ತೇವೆ ಎಂದಿದ್ದರು. ಐದು ಮನೆಯ ಹೆಣ್ಣುಮಕ್ಕಳು ಆ ಸೋಮವಾರಕ್ಕಾಗಿ ಎರಡು ವಾರದಿಂದ ಬೆರಳೆಣಿಸುತ್ತಿದ್ದರು.

ನಾನು ಜೋಳ ಬೀಸಿಸಿಕೊಂಡು ಬಂದೆ. ಆದ್ದರಿಂದ ಎರಡು ಆಜ್ಞೆಗಳಲ್ಲಿ ಒಂದನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ ಎಂದು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ.

ಶನಿವಾರ ಬೆಳಿಗ್ಗೆ ಟೇಬಲ್ಲಿಗೆ ಸಾಮಾನು ಆರಿಸಲು ಕುಳಿತೆ. ನ್ಯಾಯವಾಗಿ ನನ್ನ ಸಾಮಾನುಗಳಿಂದಲೇ ಆರಂಭಿಸಿದೆ. ಹಾಡದ ರೇಡಿಯೋ ಕೈಗೆ ಬಂತು. ಅದರಲ್ಲಿ ನಮ್ಮಪ್ಪ ಸುದ್ದಿ ಕೇಳುತ್ತಿದ್ದರು, ಕೊಡುವುದು ಹೇಗೆ? ಓಡದ ಗಡಿಯಾರ ಬಂತು. ಅದು ನನಗೆ ಭಾಷಣ ಸ್ಪರ್ಧೆಯಲ್ಲಿ ಬಂದ ಬಹುಮಾನ. ಹರಿದ ಬ್ಯಾಗು, ಒಂದೇ ಕಾಲಿನ ಕನ್ನಡಕ, ಮಸಿ ಸೋರುವ ಏಳು ಪೆನ್ನು... ಒಂದೊಂದನ್ನೂ ಕೈಗೆತ್ತಿಕೊಂಡು, ಎದೆಗೊತ್ತಿಕೊಂಡು, ಇದ್ದಲ್ಲೇ ಇಟ್ಟೆ. ನನ್ನ ಸಾಮಾನುಗಳಿಗೆಲ್ಲ ಇತಿಹಾಸವಿತ್ತು.

ಹತ್ತು ಗಂಟೆ ಆಯಿತು. ಕೈಯಲ್ಲಿ ಒಂದು ಸಾಮಾನೂ ಇಲ್ಲ. ಆಗ ಅಡುಗೆಮನೆಗೆ ಹೋದೆ. ಅಲ್ಲಿಯವಕ್ಕೆ ಬರೀ ವಯಸ್ಸಾಗಿತ್ತು!

ಒಂದು ಕಾಲು ಅಲುಗಾಡುವ ಮಣೆ ಸಿಕ್ಕಿತು. ಹಿಡಿ ಇಲ್ಲದ ಒಂದು ಬೋಗುಣಿ ಸಿಕ್ಕಿತು. ಆಮೇಲೆ ಗ್ಯಾಸ್ ಸಿಲಿಂಡರಿನ ಹಿಂದೆ ಗೋಡೆಗೆ ಆನಿಸಿಟ್ಟ ಒಂದು ಕಬ್ಬಿಣದ ಹಂಚು ಕಣ್ಣಿಗೆ ಬಿತ್ತು. ದಪ್ಪ, ಕರ್ರಗೆ, ಅಂಚು ಒಂದು ಕಡೆ ಕೊಂಚ ಬಾಗಿತ್ತು, ಹಿಂಬದಿಗೆ ಎಷ್ಟೋ ವರ್ಷದ ಮಸಿ. ಮೇಲಿನ ಶೆಲ್ಫಿನಲ್ಲೇ ನನ್ನ ತಮ್ಮ ದೀಪಾವಳಿಗೆ ಕೊಟ್ಟ ನಾನ್‌ಸ್ಟಿಕ್ ತವಾ ಡಬ್ಬಿಯೊಳಗೆ ಹಾಗೇ ಕೂತಿತ್ತು. ನನಗೆ ಹೆಂಡತಿಯ ಮೇಲೆ ಮಮತೆ ಉಕ್ಕಿ ಬಂತು. ಪಾಪ, ಹೊಸದು ಸವೆದೀತೆಂದು ಹಳೆಯದರಲ್ಲೇ ಕಷ್ಟಪಡುತ್ತಿದ್ದಾಳೆ! ಹಳೆಯದು ಕಣ್ಮರೆಯಾದರೆ ತಾನಾಗಿ ಹೊಸದನ್ನು ತೆಗೆಯುತ್ತಾಳೆ. ಸೋಮವಾರದ ಮಾದರಿ ರೊಟ್ಟಿ ಹೊಸ ತವಾದ ಮೇಲೆ ಇನ್ನೂ ಚೆನ್ನಾಗಿ ಬರುತ್ತದೆ. ಹೀಗೆ ಯೋಚಿಸಿ ಹಂಚನ್ನು ಚೀಲಕ್ಕೆ ಹಾಕಿದೆ. ಅದಕ್ಕೂ ಮೊದಲು ಅರ್ಧ ಗಂಟೆ ಬಚ್ಚಲುಕಲ್ಲಿನ ಮೇಲೆ ತಿಕ್ಕಿದೆ. ಮಸಿ ಒಂದಿಷ್ಟೂ ಹೋಗಲಿಲ್ಲ. ದೇವರು ದೊಡ್ಡವನು ಎಂಬುದು ಆಮೇಲೆ ತಿಳಿಯಿತು.

ಸಂತೆ ಕಾಲೇಜಿನ ಬೇವಿನ ಗಿಡಗಳ ಕೆಳಗೆ ಜೋರಾಗಿ ನಡೆದಿತ್ತು. ಬಕೆಟ್ಟು, ಗಾದಿ, ಟೇಬಲ್ ಫ್ಯಾನು, ಪರೀಕ್ಷೆಯ ಪ್ಯಾಡು, ಲ್ಯಾಬಿನ ಬಿಳಿ ಕೋಟು. ಒಬ್ಬ ಹುಡುಗ ತನ್ನ ಸೈಕಲ್ಲು ಇಟ್ಟು ಹೋದ, ಅದನ್ನು ಹತ್ತಿಕೊಂಡು ಹೋದ ಇನ್ನೊಬ್ಬ ತನ್ನ ಕ್ರಿಕೆಟ್ ಬ್ಯಾಟು ಇಟ್ಟು ಹೋದ. ಪ್ರಿನ್ಸಿಪಾಲರು ತಂದಿಟ್ಟ ಛತ್ರಿ ಐದು ನಿಮಿಷದಲ್ಲಿ ಹೋಯಿತು. ಅವರು ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ನನ್ನ ಟೇಬಲ್ಲಿಗೆ ಮಾತ್ರ ಯಾರೂ ಬರಲಿಲ್ಲ. ಮುಂದೆ ದೊಡ್ಡದಾಗಿ 'ಮಾರ್ಗದರ್ಶಕರ ಕೊಡುಗೆ' ಎಂದು ಬರೆದಿತ್ತು. ಹುಡುಗರು ಓದುತ್ತಿದ್ದರು, ಮಣೆ ನೋಡುತ್ತಿದ್ದರು, ನಮಸ್ಕಾರ ಸರ್ ಎಂದು ಮುಂದೆ ಹೋಗುತ್ತಿದ್ದರು. ಒಂದು ಗಂಟೆಯ ಹೊತ್ತಿಗೆ ನನ್ನ ಮಾನದ ಪ್ರಶ್ನೆಯಾಯಿತು. ಹಂಚನ್ನು ಎತ್ತಿ ಹಿಡಿದು, ಕಬ್ಬಿಣ ಯುಗದಿಂದ ಶುರುಮಾಡಿ ಉಪನ್ಯಾಸ ಕೊಡತೊಡಗಿದೆ. ಇಬ್ಬರು ನೋಟ್ಸ್ ಬರೆದುಕೊಂಡರು. ಹಂಚು ಯಾರೂ ಒಯ್ಯಲಿಲ್ಲ.

ಆಗ ಬಂದಳು ಒಬ್ಬ ಹೆಣ್ಣುಮಗಳು. ಐವತ್ತರ ಆಸುಪಾಸು, ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಮಗಳನ್ನು ಹಾಸ್ಟೆಲ್ಲಿಗೆ ಸೇರಿಸಲು ಬಂದವಳಿರಬೇಕು. ಪಕ್ಕದಲ್ಲಿ ಟ್ರಂಕ್ ಹಿಡಿದ ಹುಡುಗಿ ನಾಚಿಕೊಂಡು ನಿಂತಿದ್ದಳು. ಹೆಣ್ಣುಮಗಳು ನನ್ನ ಉಪನ್ಯಾಸದ ನಡುವೆಯೇ ಕೈಯಿಂದ ಹಂಚು ಕಸಿದುಕೊಂಡಳು. ಬೆರಳ ಗೆಣ್ಣಿನಿಂದ ಕುಟ್ಟಿದಳು, ಕಿವಿಗೊಟ್ಟಳು, ಅಂಗೈ ಸವರಿದಳು. ಕಣ್ಣು ದೊಡ್ಡದಾಯಿತು.

"ಯಾರ ಹೆಣಮಗಳು ಕೊಟ್ಟಾಳ್ರಿ ಇದನ್ನ?"

"ನಮ್ಮ ಮನೆಯವರು" ಎಂದೆ ಗರ್ವದಿಂದ.

"ಸತ್ತಾಳೇನ್ರಿ?"

"ಇಲ್ರಿ! ಆರಾಮ ಅದಾಳ!"

"ಹಂಗಾರ ತಲಿ ಕೆಟ್ಟಿರಬೇಕು ಪಾಪ" ಎಂದು ಹೇಳಿ ಹಂಚನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದೇಬಿಟ್ಟಳು. ಅವಳ ನಡಿಗೆ ನೋಡಿದರೆ, ಎಲ್ಲಿ ಹಿಂದಿನಿಂದ ಕರೆದುಬಿಡುತ್ತೇನೋ ಎಂದು ಹೆದರಿದಂತಿತ್ತು. ನಾನು ಕರೆಯಲಿಲ್ಲ. ಪ್ರಿನ್ಸಿಪಾಲರ ಕಡೆ ತಿರುಗಿ, "ನಂದೂ ಹೋತ್ರಿ ಸರ್" ಎಂದೆ.

ಸಂಜೆ ಶಶಿಕಲಾ ಬಂದಳು. ಕೈಕಾಲು ತೊಳೆದು ಅಡುಗೆಮನೆಗೆ ಹೋದಳು. ಗ್ಯಾಸ್ ಸಿಲಿಂಡರ್ ಸರಿಸಿದ ಸದ್ದು ಕೇಳಿತು. ಮದುವೆಯಾದ ಗಂಡಸರಿಗೆ ಅಂಥ ಸದ್ದಿನ ಅರ್ಥ ಗೊತ್ತು.

"ಏನ್ರಿ, ಹಂಚ ಎಲ್ಲೈತಿ?"

ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಅವಳ ಮುಖ ನೋಡಿದ ಮೇಲೆ ಬಾಯಿಂದ ಬಂದದ್ದು ಬೇರೆ. "ಕಲಾಯಿ ಹಾಕಿಸಾಕ ಕೊಟ್ಟೇನಿ."

"ಕಬ್ಬಿಣದ ಹಂಚಿಗೆ ಕಲಾಯಿ?"

"ಹೂಂ."

"ಹಿತ್ತಾಳಿಗೆ ಹಾಕ್ತಾರ, ತಾಮ್ರಕ್ಕ ಹಾಕ್ತಾರ. ಕಬ್ಬಿಣಕ್ಕ ಕಲಾಯಿ ಹಾಕು ಮಹಾನುಭಾವ ಯಾರ್ರಿ ಅಂವ? ನಡೀರಿ, ನಾನೂ ನೋಡ್ತೇನಿ!"

ಎರಡನೇ ಪ್ರಶ್ನೆಗೇ ಶರಣಾದೆ. ಎಲ್ಲ ಹೇಳಿದೆ. ಸ್ವಾಭಿಮಾನ, ಮಾರ್ಗದರ್ಶಕರ ಕೊಡುಗೆ, ಕಬ್ಬಿಣ ಯುಗ. ಅವಳು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಜೋಳದ ಹಿಟ್ಟಿನ ಡಬ್ಬಿಯ ಪಕ್ಕ ಕುಸಿದು ಕುಳಿತು, "ಊರಿಗೆ ಉಪಕಾರಿ, ಮನಿಗೆ ಮಾರಿ" ಎಂದಳು.

"ನಾನ್‌ಸ್ಟಿಕ್ ಐತಲ್ಲ..." ಎಂದೆ ಮೆಲ್ಲಗೆ.

ಅವಳು ಎದ್ದು, ಡಬ್ಬಿ ಹರಿದು, ತವಾ ಒಲೆಯ ಮೇಲಿಟ್ಟು ಒಂದು ರೊಟ್ಟಿ ಬಡಿದು ಹಾಕಿದಳು. ರೊಟ್ಟಿ ಅಗಲವಾಗಿತ್ತು, ತವಾ ಸಣ್ಣದಾಗಿತ್ತು. ಸುತ್ತಲೂ ರೊಟ್ಟಿ ಇಳಿಬಿದ್ದು ನಡುವೆ ಬೆವರಿತು. ಉಬ್ಬಲಿಲ್ಲ, ಖಡಕ್ ಆಗಲಿಲ್ಲ. ಒದ್ದೆ ಟವೆಲ್ಲಿನಂಥ ಅದನ್ನು ನನ್ನ ತಾಟಿಗೆ ಹಾಕಿದಳು. ಆಮೇಲೆ ಓಣಿಯ ನಾಲ್ವರೂ ತಮ್ಮ ತಮ್ಮ ಹಂಚು ಹೊತ್ತು ಬಂದರು. ಯಾವುದೂ ಅಷ್ಟು ದಪ್ಪವಿಲ್ಲ, ಅಷ್ಟು ಅಗಲವಿಲ್ಲ. ಖಾನಾವಳಿಯವರು ಮೆಚ್ಚಿದ ಹಾಳೆಯಂಥ ರೊಟ್ಟಿ ಬರಲೇ ಇಲ್ಲ. ಹೋಗುವಾಗ ಒಬ್ಬೊಬ್ಬರೂ ನನ್ನನ್ನು ಒಮ್ಮೆ ನೋಡಿ ಹೋದರು. ನಾನು ದಿನಪತ್ರಿಕೆಯನ್ನು ಅಡ್ಡ ಹಿಡಿದುಕೊಂಡೆ. ಅದೂ ಉಲ್ಟಾ ಇತ್ತು.

ಭಾನುವಾರ ಬೆಳಕು ಹರಿದ ಕೂಡಲೇ ಭಾಗ್ಯಶ್ರೀಗೆ ಫೋನ್ ಮಾಡಿದೆ.

"ಅವ್ವಾ, ನಿನ್ನೆ ನನ್ನ ಟೇಬಲ್ಲಿನ ಹಂಚು ಒಯ್ದವರು ಯಾರು?"

"ತಗೊಂಡವ್ರ ಹೆಸರು ಬರೀಬ್ಯಾಡ್ರಿ ಅಂದಿದ್ರಲ್ರಿ ಸರ್."

"ಅಂದಿದ್ದೆ."

"ಸ್ವಾಭಿಮಾನ ಅಂದಿದ್ರಿ."

"ಅಂದಿದ್ದೆನವ್ವಾ."

"ಹೊಳ್ಳಿ ಕೇಳು ಸಣ್ಣ ಮನಷ್ಯಾರು..."

"ಆ ಸಣ್ಣ ಮನುಷ್ಯನೇ ಮಾತಾಡಾಕತ್ತಾನ, ಹೇಳು!"

ಆ ಕಡೆ ನಗು ತಡೆಯುವ ಸದ್ದು. ಹುಡುಗಿ ಒಳ್ಳೆಯವಳು, ಬೇಗ ತಡೆದುಕೊಂಡಳು. "ನಿಡೋಣಿಯವ್ರು ರೀ ಸರ್, ಗಂಗವ್ವ ಅಂತ. ಅವ್ರ ಮಗಳಿಗೆ ನಾನೇ ಗಾದಿ ಆರಿಸಿಕೊಟ್ಟೆ. ಮನಿ ಗುರ್ತು ಕೇಳಿ ಹೇಳ್ತೇನ್ರಿ."

ಒಂಬತ್ತಕ್ಕೆಲ್ಲ ನಾವಿಬ್ಬರೂ ಸ್ಕೂಟರಿನ ಮೇಲೆ ಬಬಲೇಶ್ವರ ದಾಟಿದ್ದೆವು. ಬರಿಗೈಲಿ ಒಬ್ಬರ ಮನೆಗೆ ಹೋಗಬಾರದೆಂದು ಶಶಿಕಲಾ ಶೇಂಗಾ ಚಟ್ನಿಯ ಡಬ್ಬಿ ತಂದಿದ್ದಳು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು.

"ಅಲ್ಲಿ ನೀವು ಬಾಯಿ ಬಿಡಬ್ಯಾಡ್ರಿ. ಕೊಟ್ಟದ್ದನ್ನ ಹೊಳ್ಳಿ ಕೇಳಬಾರದು, ಅದು ನಮ್ಮ ಮನಿ ಪದ್ಧತಿ ಅಲ್ಲ. ಎರಡ ದಿನದ ಮಟ್ಟಿಗೆ ಕಡಾ ಕೇಳ್ತೇನಿ. ಸೋಮವಾರ ಸಂಜೀಕ ತಂದ ಮುಟ್ಟಿಸೂದು."

ತನ್ನದೇ ಹಂಚನ್ನು ತಾನೇ ಕಡ ಕೇಳಲು ಹೊರಟ ಹೆಂಗಸು ನನ್ನ ಬೆನ್ನ ಹಿಂದೆ ಕೂತಿದ್ದಳು. ಸ್ಕೂಟರ್ ಅಂದು ಯಾಕೋ ಭಾರ ಎನಿಸಿತು.

ಗಂಗವ್ವ ನಮ್ಮನ್ನು ನೋಡಿ, ಹಾಸ್ಟೆಲ್ಲಿನಲ್ಲಿ ಮಗಳಿಗೆ ಏನೋ ಆಯಿತೆಂದು ಮೊದಲು ಗಾಬರಿಯಾದಳು. ಹಾಗೇನಿಲ್ಲ, ಈ ಕಡೆ ಬಂದಿದ್ದೆವು ಎಂದಳು ಶಶಿಕಲಾ. ಬಂದವರು ಉಣ್ಣದೆ ಹೋಗುವಂತಿಲ್ಲ. ಎಷ್ಟು ಬೇಡವೆಂದರೂ ಕೇಳದೆ ಗಂಗವ್ವ ಒಲೆಯ ಮುಂದೆ ಕುಳಿತಳು. ಒಲೆಯ ಮೇಲೆ ಆ ಹಂಚು! ಶಶಿಕಲಾ ಅದನ್ನು ನೋಡಿ ತಲೆ ತಗ್ಗಿಸಿದಳು. ನಾನೂ ತಗ್ಗಿಸಿದೆ. ತಾಟು ಬಂತು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ನಮ್ಮದೇ ಚಟ್ನಿ. ನಿನ್ನೆ ಸಂಜೆ ಒದ್ದೆ ಟವೆಲ್ ತಿಂದು ಮಲಗಿದವನು ನಾನು. ಮೊದಲ ತುತ್ತಿಗೇ ಮೈಮರೆತೆ.

"ಆಹಾ! ಥೇಟ್ ನಮ್ಮ ಮನಿ ರೊಟ್ಟಿ ಇದ್ದಾಂಗ ಐತ್ರಿ!"

ಶಶಿಕಲಾ ನನ್ನನ್ನು ದುರುಗುಟ್ಟಿ ನೋಡಿದಳು. ರೊಟ್ಟಿ ಬಡಿಯುತ್ತಿದ್ದ ಗಂಗವ್ವನ ಕೈ ನಿಂತಿತು. ನನ್ನನ್ನು ನೋಡಿದಳು, ಹಂಚು ನೋಡಿದಳು, ಕೊನೆಗೆ ಶಶಿಕಲಾಳನ್ನು ನೋಡಿದಳು.

"ತಂಗೀ, ಇದು ನಿನ್ನ ಹಂಚೇನ?"

"ಈಗ ನಿಮ್ದ್ರಿ ಅಕ್ಕಾರ. ಕೊಟ್ಟದ್ದು ಕೊಟ್ಟಾಂಗ. ನಂಗ ಎರಡ ದಿನಕ್ಕ ಕಡಾ ಬೇಕಾಗಿತ್ರಿ, ಅಷ್ಟ."

"ನಿಂಗ ಯಾರು ಕೊಟ್ಟಿದ್ರವ್ವಾ?"

"ನಮ್ಮವ್ವ ಕೊಟ್ಟಿದ್ಲ್ರಿ, ಲಗ್ನದಾಗ, ತಿಕೋಟಾದಿಂದ. ಮೂವತ್ತ ವರ್ಷ ಆಕಿ ಇದರ ಮ್ಯಾಲ ಮಾಡಿದ್ಲು. ಆಕಿ ಹೋಗಿ ಆರ ವರ್ಷಾತು." ಅಷ್ಟು ಹೇಳಿ ಶಶಿಕಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನಗೆ ಇದು ಗೊತ್ತಿರಲಿಲ್ಲ. ಯಾವ ಸುಲ್ತಾನ ಯಾವ ತೋಪನ್ನು ಎಲ್ಲಿಂದ ತರಿಸಿದ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ದಿನಾ ನನ್ನ ಮೂರು ರೊಟ್ಟಿ ಬೇಯುವ ಹಂಚು ಎಲ್ಲಿಂದ ಬಂತೆಂದು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಉತ್ಪ್ರೇಕ್ಷೆ ಇಲ್ಲದೆ ಹೇಳುತ್ತೇನೆ, ನಿಜವಾಗಿಯೂ ನಾಚಿಕೆಯಾಯಿತು.

"ಅಯ್ಯ ನಮ್ಮವ್ವಾ! ಇದನ್ನ ಕಡಾ ಕೇಳಾಕ ಬಂದಿ? ತವರಮನಿ ಹಂಚ ಇದು. ನಾ ಇಟ್ಕೊಂಡ್ರ ನನ್ನ ರೊಟ್ಟಿ ಉಬ್ಬತಾವೇನ?" ಎಂದು ಗಂಗವ್ವ ಅಲ್ಲೇ ಒಲೆಯಿಂದ ಇಳಿಸಿದಳು. ಆರಿದ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಶಶಿಕಲಾಳ ಮಡಿಲಿಗೆ ಹಾಕಿದಳು. ಆಮೇಲೆ ನಕ್ಕಳು. "ನಂದು ಸೀಳಿ ಹೋಗೇತಿ ಅಂತ ಆಸೆಬಿದ್ದು ತಂದಿದ್ದೆ. ಇರ್ಲಿ ಬಿಡು."

ನನಗೆ ಉದಾರತೆ ಬರುವುದು ಯಾವಾಗಲೂ ತಪ್ಪು ಹೊತ್ತಿನಲ್ಲಿ. "ಈಗಲೇ ಬಬಲೇಶ್ವರದಾಗ ಹೊಸಾ ಹಂಚು ಕೊಡಸ್ತೇನ್ರಿ, ಇದರಕಿಂತ ದಪ್ಪಂದು!" ಎಂದೆ.

ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಐದು ನಿಮಿಷದ ಹಿಂದೆ ಅತ್ತವಳೂ ನಕ್ಕಳು.

"ಹೊಸಾದು ತಗೊಂಡ ಏನ ಮಾಡೂದ್ರಿ ಮಾಸ್ತರ್ರ? ಅದು ಪಳಗಾಕ ವರ್ಷ ಬೇಕು. ದಿನಾ ಎಣ್ಣಿ ಸವರಬೇಕು, ಉಳ್ಳಾಗಡ್ಡಿ ತಿಕ್ಕಬೇಕು, ಕಾಸಬೇಕು, ಆರಿಸಬೇಕು. ನಂಗ ಹೊಲದ ಕೆಲಸದಾಗ ಎಲ್ಲಿ ಪುರಸೊತ್ತು?"

"ಅವ್ರು ಪಳಗಸ್ತಾರ್ರಿ ಅಕ್ಕಾರ" ಎಂದಳು ಶಶಿಕಲಾ.

"ಯಾರು?"

"ನಮ್ಮ ಮನಿಯವ್ರು. ಪಳಗಿಸಿ ನಿಮ್ಮ ಕೈಯಾಗ ಕೊಡ್ತಾರ. ಅಲ್ಲೀತನಾ ನಿಮ್ಮ ಮಗಳ ಊಟದ ರೊಟ್ಟಿ ನಮ್ಮ ಮನಿಯಿಂದ ಹಾಸ್ಟೆಲ್ಲಿಗೆ ಹೋಗ್ತಾವ. ಅದನ್ನೂ ಇವ್ರೇ ಮುಟ್ಟಸ್ತಾರ."

ಬಾಯಿ ಬಿಡಬಾರದೆಂಬ ಆಜ್ಞೆ ಇನ್ನೂ ಜಾರಿಯಲ್ಲಿದ್ದುದರಿಂದ ನಾನು ಸುಮ್ಮನೆ ತಲೆಯಾಡಿಸಿದೆ. ಪುಣ್ಯಕ್ಕೆ ತಾಟಿನಲ್ಲಿ ಇನ್ನೊಂದು ರೊಟ್ಟಿ ಉಳಿದಿತ್ತು.

ಸೋಮವಾರ ಖಾನಾವಳಿಯ ಮಾಲೀಕರು ರೊಟ್ಟಿ ಮುರಿದರು. ಟಪ್ ಎಂದು ಸದ್ದಾಯಿತು. ಎರಡನೇ ತುಂಡು ಬಾಯಿಗೆ ಹೋಗುವ ಮೊದಲೇ, ನಾಳೆಯಿಂದಲೇ ಶುರುಮಾಡಿರಿ ಎಂದರು. ಐದು ಮನೆಯಲ್ಲಿ ಅಂದು ಹಬ್ಬ. ನನ್ನನ್ನು ನೋಡಿ ಹೋಗಿದ್ದ ಆ ನಾಲ್ವರೂ ಅಂದು ನನಗೂ ಒಂದೊಂದು ಪೇಢೆ ಕೊಟ್ಟರು. ಕ್ಷಮೆ ಎಂದು ತಿಳಿದುಕೊಂಡೆ.

ಕಾಲೇಜಿನಲ್ಲಿ ಮುಂದಿನ ಸಂತೆಗೆ ಭಾಗ್ಯಶ್ರೀ ಮತ್ತೆ ಬಂದಳು. ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ. "ಸರ್, ಈ ಸಲ ಮಾರ್ಗದರ್ಶನಕ್ಕ ನಿಮ್ಮ ಮನಿ ಮೇಡಂ ಅವ್ರನ್ನ ಕರಿಯೂನು ಅಂತ ಮಾಡೇವ್ರಿ. ಹಳೇ ಸಾಮಾನಿನ ಬಗ್ಗೆ ಅವ್ರಿಗೆ ಛಲೋ ಗೊತ್ತೈತಂತ. ನೀವು ಟೇಬಲ್ ಹಚ್ಚಾಕ ಬಂದ್ರ ಸಾಕ್ರಿ." ನಾನು ಹೋದೆ. ಹದಿನೆಂಟು ಟೇಬಲ್ ಹಚ್ಚಿದೆ.

ಈಗ ದಿನಾ ಬೆಳಿಗ್ಗೆ ಆರಕ್ಕೆ ನಾನು ಒಲೆಯ ಮುಂದೆ ಕೂಡುತ್ತೇನೆ. ಗಂಗವ್ವನಿಗೆಂದು ತಂದ ಹೊಸ ಹಂಚಿಗೆ ಎಣ್ಣೆ ಸವರಿ, ಅರ್ಧ ಉಳ್ಳಾಗಡ್ಡಿ ತಿಕ್ಕಿ, ಹೊಗೆಯೇಳುವವರೆಗೆ ಕಾಸಿ, ಆರಿಸಿ ಒರೆಸಿಡುತ್ತೇನೆ. ನನ್ನ ಬೆರಳುಗಳ ವಾಸನೆಗೆ ಮೊದಲ ಬೆಂಚು ಈಗ ಖಾಲಿ. ಹದಿನೈದು ದಿನಕ್ಕೊಮ್ಮೆ ಮಗಳನ್ನು ನೋಡಲು ಬರುವ ಗಂಗವ್ವ ನಮ್ಮ ಮನೆಗೂ ಬಂದು ಆ ಹೊಸ ಹಂಚಿನ ಮೇಲೆ ಒಂದು ರೊಟ್ಟಿ ಹಾಕಿ ಪರೀಕ್ಷೆ ಮಾಡುತ್ತಾಳೆ. ಮೊನ್ನೆಯ ರೊಟ್ಟಿ ಅರ್ಧ ಎದ್ದು ಬಂತು, ಅರ್ಧ ಹಂಚಿಗೇ ಹತ್ತಿಕೊಂಡಿತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

"ಅಡ್ಡಿ ಇಲ್ರಿ ಮಾಸ್ತರ್ರ, ಹೋದ ಸಲ ಪೂರಾ ಹತ್ತಿತ್ತು" ಎಂದಳು ಗಂಗವ್ವ. "ಇನ್ನೊಂದ ಎಂಟ ತಿಂಗಳು ಮಾಡ್ರಿ, ಪಾಸ್ ಆಗ್ತೀರಿ."

ಹತ್ತಿಕೊಂಡ ರೊಟ್ಟಿಯನ್ನು ಕೆರೆದು ತಿನ್ನುವುದೂ ನನ್ನ ಪಾಲಿನ ಕೆಲಸವೇ. ಶಶಿಕಲಾ ಅದಕ್ಕೆ ಚಟ್ನಿ ಕೂಡ ಕೊಡುವುದಿಲ್ಲ!